ಖಾರದ ಕಣಿವೆಗೆ ಆ ಹೆಸರು ಬಂದದ್ದು

ಕಮಲಾಪುರ ಬಿಟ್ಟು ಹಳೆಯ ಕಾಲುದಾರಿ ಹಿಡಿದು ಬೀದರದ ಕಡೆ ಒಂದು ಹರದಾರಿ ನಡೆದರೆ ಕೆಂಪು ಕಲ್ಲಿನ ಎರಡು ಗುಡ್ಡಗಳ ನಡುವೆ ದಾರಿ ಇಕ್ಕಟ್ಟಾಗುತ್ತದೆ. ಒಂದು ಬಂಡಿ ಒಳಗಿದ್ದರೆ ಎದುರಿನ ಬಂಡಿ ಹಿಂದೆ ಸರಿಯಲೇಬೇಕು. ಅದೇ ಖಾರದ ಕಣಿವೆ. ಈಗ ಡಾಂಬರು ರಸ್ತೆ ಗುಡ್ಡವನ್ನು ಬಳಸಿಕೊಂಡು ಹೋಗಿದೆ. ಕಣಿವೆಯಲ್ಲಿ ಆಡು ಮೇಯಿಸುವವರು ಬಿಟ್ಟರೆ ಕಾಣುವವರು ಕಡಿಮೆ. ಹಿಂದೆ ಹಾಗಿರಲಿಲ್ಲ. ಶ್ರಾವಣದಲ್ಲಿ ಕಲಬುರಗಿಯ ಶರಣರ ಗುಡಿಗೆ ಹೋಗುವವರು, ಉರುಸಿಗೆ ದರ್ಗಾಕ್ಕೆ ಹೋಗುವವರು, ಎಲ್ಲರೂ ಬುತ್ತಿ ಕಟ್ಟಿಕೊಂಡು ಈ ದಾರಿಯಲ್ಲೇ ಇಳಿಯುತ್ತಿದ್ದರು. ಆಗ ಅದಕ್ಕೆ ಹೆಸರೇ ಇರಲಿಲ್ಲ. ಕಣವಿ ಅಂದರೆ ಇದೊಂದೇ ಕಣಿವೆ.

ಹೋದ ವರ್ಷ ಊರಿನ ಶಾಲೆಯವರು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ ಶಾಲು ಹೊದಿಸಿದರು. ಒಬ್ಬ ಮಾಸ್ತರರು ಮಕ್ಕಳಿಗೆ ಹೇಳಿದರು: ಹಾವಳಿಯ ಕಾಲದಲ್ಲಿ ಈ ಊರಿನ ಹೆಣ್ಣುಮಕ್ಕಳು ಕಣಿವೆಯ ಬಂಡೆಗಳ ಮೇಲೆ ಕಾದು ಕೂತರು, ಲೂಟಿಗೆ ಬಂದವರ ಕಣ್ಣಿಗೆ ಖಾರ ಎರಚಿ ಓಡಿಸಿದರು, ಅದಕ್ಕೇ ಖಾರದ ಕಣಿವೆ ಎಂಬ ಹೆಸರು ಬಂತು, ಆ ವೀರ ತಾಯಂದಿರಲ್ಲಿ ಉಳಿದವರು ಇವರೊಬ್ಬರೇ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಮುಗಿದ ಎಡಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ನೋಡಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳಿಗೆ ಮೊಣಕೈ ತಿವಿದಳು.

ನಾನು ಖಾರ ಎರಚಿದ್ದು ನಿಜ. ಯಾರ ಕಣ್ಣಿಗೆ ಎನ್ನುವುದು ಮಾತ್ರ ಸುಳ್ಳು. ಅರವತ್ತು ವರ್ಷ ಆ ಸುಳ್ಳನ್ನು ನಾನೂ ಹೊತ್ತಿದ್ದೇನೆ. ಇನ್ನು ಇಳಿಸಬೇಕು.

ನಾನು ಹುಟ್ಟಿದ್ದು ಕಲಬುರಗಿಯ ಗಾಜಿಪುರದಲ್ಲಿ. ಅದು ನಿಜಾಮರ ರಾಜ್ಯ, ಶಾಲೆಯಲ್ಲಿ ಉರ್ದು. ನಾನು ಕನ್ನಡಕ್ಕಿಂತ ಮೊದಲು ಅಲಿಫ್ ಬೇ ತಿದ್ದಿದವಳು. ಹದಿನೈದಕ್ಕೆ ಮದುವೆಯಾಗಿ ಕಮಲಾಪುರಕ್ಕೆ ಬಂದೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ ಮತ್ತು ಅವರ ತಮ್ಮ. ಕಣಿವೆಯ ಬುಡದಲ್ಲಿ ಹೊಲ, ಅದರಲ್ಲಿ ಜೋಳ, ಮೆಣಸಿನಕಾಯಿ, ಬಾವಿಯ ಪಕ್ಕ ಒಂದು ತುಂಡು ಕೆಂಪು ಬಾಳೆ.

ಹೊಸ ಊರಿನಲ್ಲಿ ನನಗೆ ಸಿಕ್ಕ ಒಬ್ಬಳೇ ಗೆಳತಿ ಪಿಂಜಾರನ ಹೆಂಡತಿ. ಗಾಜಿಪುರದಲ್ಲಿ ನಮ್ಮ ಓಣಿಯ ಹಿಂದಿನ ಓಣಿಯಲ್ಲೇ ಹುಟ್ಟಿದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಅಕ್ಕ ಎನ್ನುವ ಹಾಗೆ ಆಪಾ ಎಂದು ಕರೆಯುತ್ತಿದ್ದೆ. ಅವಳ ಗಂಡ ಆಳೆತ್ತರದ ಬಿಲ್ಲು ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜುತ್ತಿದ್ದ. ತುಂಬ ಕಡಿಮೆ ಮಾತಿನವನು. ಅವನ ಮೀಸೆ, ಹುಬ್ಬು, ರೆಪ್ಪೆಗಳಿಗೆಲ್ಲ ಸದಾ ಹತ್ತಿಯ ಧೂಳು ಅಂಟಿರುತ್ತಿತ್ತು. ನಾವಿಬ್ಬರೂ ಸೇರಿದರೆ ದಖನಿ ಉರ್ದುವಿನಲ್ಲಿ ಮಾತು ಶುರು. ತವರಿನ ಬಾವಿ, ತವರಿನ ಬೇವಿನಮರ, ಯಾರ ಮನೆಯಲ್ಲಿ ಯಾರು ಹೆತ್ತರು. ಅತ್ತೆ ಒಲೆಯ ಮುಂದಿನಿಂದ ಗದರುತ್ತಿದ್ದರು: "ಏನ್ ಗುಸುಗುಸು ಹಚ್ಚೀರಿ ಇಬ್ಬರೂ? ನಮಗ ತಿಳಿಯೂ ಮಾತ್ ಆಡ್ರಿ."

ನನ್ನ ಮದುವೆಯಾದ ಎರಡನೆಯ ವರ್ಷ ಹಾವಳಿ ಜೋರಾಯಿತು. ನಿಜಾಮರ ಕಡೆಯ, ಖಾಕಿ ತೊಟ್ಟ, ಭರ್ಚಿ ಬಂದೂಕು ಹಿಡಿದ ಗುಂಪುಗಳು ಹಳ್ಳಿಗಳಿಗೆ ನುಗ್ಗಿ ಕಾಳು, ದನ, ಒಡವೆ ಎತ್ತಿಕೊಂಡು ಹೋಗುತ್ತಿದ್ದವು. ಎದುರು ನಿಂತವರನ್ನು ಕಡಿಯುತ್ತಿದ್ದವು. ನನ್ನ ಗಂಡ ಊರಿನ ಕೆಲವರ ಜೊತೆ ಗಡಿ ದಾಟಿ ಸೊಲ್ಲಾಪುರದ ಕಡೆಯ ಹೋರಾಟಗಾರರ ಶಿಬಿರಕ್ಕೆ ಹೋದರು. ಮೈದುನ ಊರಲ್ಲೇ ಉಳಿದ. ನನಗಿಂತ ಎರಡು ವರ್ಷ ದೊಡ್ಡವನು, ಸಿಟ್ಟಿನವನು, ಆದರೆ ಕೆಟ್ಟವನಲ್ಲ. ಬಾವಿಯಿಂದ ನೀರು ಸೇದುವಾಗ ನನ್ನ ಕೈಯಿಂದ ಹಗ್ಗ ಕಸಿದುಕೊಂಡು ತಾನೇ ಸೇದಿಕೊಡುತ್ತಿದ್ದ.

ಅವರು ನಮ್ಮ ಕಣಕ್ಕೆ ಬಂದದ್ದು ಜೋಳದ ರಾಶಿಯ ದಿನ, ಬಿಸಿಲು ನೆತ್ತಿಗೇರುವ ಹೊತ್ತು. ಕೂಗು ಕೇಳಿದ್ದೇ ಗಂಡಸರೆಲ್ಲ ಗುಡ್ಡದ ಕಡೆ ಓಡಿದರು. ಮೈದುನನೂ ಓಡಿದ. ಮಾವ ಓಡಲಿಲ್ಲ. ಅತ್ತೆ ನನ್ನನ್ನು ಎಳೆದುಕೊಂಡು ಕಣಿಕೆಯ ಬಣವೆಯ ಹಿಂದೆ ಕೂತರು. ಸಂದಿಯಿಂದ ಎಲ್ಲ ಕಾಣುತ್ತಿತ್ತು.

ಒಬ್ಬ ಚೀಲ ಬಿಚ್ಚಿ ರಾಶಿಗೆ ಕೈ ಹಾಕಿದ. ಮಾವ ಹೋಗಿ ರಾಶಿಯ ಮೇಲೆ ಬೋರಲು ಮಲಗಿಬಿಟ್ಟರು, ಕೂಸಿನ ಮೇಲೆ ಮಲಗಿದ ಹಾಗೆ. "ಇದು ನನ್ನ ಮಕ್ಕಳ ಅನ್ನ ಅದರೀ, ಮುಟ್ಟಬ್ಯಾಡ್ರಿ" ಅಂದರು. ಅವರು ಕಾಲು ಹಿಡಿದು ಎಳೆದರು. ಮಾವ ಎರಡೂ ಕೈಯನ್ನು ಜೋಳದೊಳಗೆ ತುರುಕಿ ಬಿಗಿಹಿಡಿದರು. ಭರ್ಚಿಯವನು ಬೆನ್ನಿಗೆ ಚುಚ್ಚಿದ. ಒಮ್ಮೆಗೇ ಪ್ರಾಣ ಹೋಗಲಿಲ್ಲ. ಇನ್ನೊಬ್ಬ ನಮ್ಮದೇ ಕೊಡಲಿ ತೆಗೆದುಕೊಂಡು ಹೆಗಲಿಗೆ ಒಂದು, ಕುತ್ತಿಗೆಗೆ ಒಂದು ಹಾಕಿದ. ಬಿಳಿ ಜೋಳ ಕೆಂಪಾಗಿ ಮುದ್ದೆಯಾಯಿತು. ಆ ಭಾಗ ಬಿಟ್ಟು ಉಳಿದದ್ದನ್ನು ಅವರು ಚೀಲಕ್ಕೆ ತುಂಬಿಕೊಂಡರು. ಅಷ್ಟು ಹೊತ್ತೂ ಅತ್ತೆಯ ಅಂಗೈ ನನ್ನ ಬಾಯಿಯನ್ನು ಒತ್ತಿ ಹಿಡಿದಿತ್ತು. ನನ್ನ ಹಲ್ಲು ಅವರ ಕೈಯಲ್ಲಿ ಇಳಿದು ರಕ್ತ ಬಂದದ್ದು ಇಬ್ಬರಿಗೂ ಆಮೇಲೆಯೇ ತಿಳಿದದ್ದು.

ಹೆಣ ಕಣದಲ್ಲೇ ಬಿದ್ದಿತ್ತು. ಮಣ್ಣು ಮಾಡಲು ಒಬ್ಬ ಗಂಡಸೂ ಇಲ್ಲ. ಹೊತ್ತು ಇಳಿಯುವ ಮುಂಚೆ ಪಿಂಜಾರ ಒಬ್ಬನೇ ಗುದ್ದಲಿ ಹಿಡಿದು ಬಂದ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಹೂಳುತ್ತಾರೆ, ಕುಣಿ ಆಳ ಬೇಕು. ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಎದೆಯುದ್ದ ತೋಡಿದ. ಎರೆಮಣ್ಣು ಒಣಗಿ ಕಲ್ಲಾಗಿತ್ತು. ತೋಡಿ ಮುಗಿಸಿ, ಮಾವನನ್ನು ಎತ್ತಿಕೊಂಡು ಕುಣಿಯೊಳಗೆ ಇಳಿದು ಅತ್ತೆಯನ್ನು ಕೇಳಿದ: "ಮುಖ ಯಾವ ದಿಕ್ಕಿಗೆ ಮಾಡಬೇಕ್ರಿ ಅವ್ವಾ?"

ಅತ್ತೆ ಹೇಳಿದರು. ಅವನು ಹಾಗೇ ಕೂಡಿಸಿದ.

ಮೈದುನ ಗುಡ್ಡದಿಂದ ಇಳಿದು ಬಂದದ್ದು ಮೂರನೆಯ ದಿನ. ಅತ್ತೆ ಅವನಿಗೆ ಒಂದೇ ಮಾತು ಹೇಳಿದರು. "ನಿಮ್ಮಪ್ಪಗ ಪಿಂಜಾರ ಮಣ್ಣು ಕೊಟ್ಟಾನ." ಅವನು ಉಣ್ಣುತ್ತಿದ್ದ ತಾಟು ದೂಡಿ ಎದ್ದುಹೋದ. ಆವತ್ತಿನಿಂದ ಅವನು ಪಿಂಜಾರನ ಮುಖ ನೋಡುತ್ತಿರಲಿಲ್ಲ. ಉಪಕಾರ ಮಾಡಿದವನನ್ನು ದ್ವೇಷಿಸುವುದು ಸಾಧ್ಯ ಎಂದು ನಾನು ಅವನನ್ನು ನೋಡಿ ಕಲಿತೆ.

ಆ ಬೇಸಿಗೆ ಅತ್ತೆ ಇಡೀ ಹೊಲದ ಮೆಣಸಿನಕಾಯಿ ಮನೆಗೆ ತರಿಸಿದರು. ಓಣಿಯ ಏಳು ಹೆಣ್ಣುಮಕ್ಕಳನ್ನು ಕರೆದರು. ಒರಳಿನ ಸುತ್ತ ನಿಂತು ಎಂಟು ದಿನ ಕುಟ್ಟಿದೆವು. ಸೀನು, ಕೆಮ್ಮು, ಮೂಗಿನಿಂದ ನೀರು. ಉಳಿದವರೆಲ್ಲ ಸೆರಗಿನಿಂದ ಮುಖ ಕಟ್ಟಿಕೊಂಡರೆ ಅತ್ತೆ ಬರೀ ಮುಖದಲ್ಲಿ ಕುಟ್ಟುತ್ತಿದ್ದರು. ಕಣ್ಣಲ್ಲಿ ನೀರು ಸುರಿದರೂ ಒರೆಸುತ್ತಿರಲಿಲ್ಲ. ಖಾರವನ್ನು ಗಡಿಗೆಗಳಿಗೆ ತುಂಬಿ ಬಾಯಿಗೆ ಅರಿವೆ ಕಟ್ಟಿದೆವು. ಹಾವಳಿಯವರು ಮತ್ತೆ ಕಣಿವೆಯ ದಾರಿಯಲ್ಲೇ ಬರುತ್ತಾರೆಂದು ಸುದ್ದಿ ಬಂದಾಗ ಗಡಿಗೆ ಹೊತ್ತುಕೊಂಡು ಹೋಗಿ ಬಂಡೆಗಳ ಮೇಲೆ ಕೂತೆವು. ಎರಡು ದಿನ ಕೂತೆವು. ಅವರು ಬರಲಿಲ್ಲ. ಬೇರೆ ದಾರಿ ಹಿಡಿದು ಹೋಗಿ ಕೆಳಗಿನ ಒಂದು ತಾಂಡಾ ಸುಟ್ಟರು. ಕೂತಲ್ಲಿಂದಲೇ ಹೊಗೆ ಕಾಣುತ್ತಿತ್ತು. ಗಡಿಗೆಗಳನ್ನು ಹೊತ್ತು ಮನೆಗೆ ತಂದು ಅಟ್ಟಕ್ಕೇರಿಸಿದೆವು.

ಮಾಸ್ತರರು ಹೇಳಿದ ವೀರಕಥೆಯಲ್ಲಿ ನಡೆದದ್ದು ಇಷ್ಟೇ.

ಭಾದ್ರಪದದಲ್ಲಿ ಭಾರತದ ಸೈನ್ಯ ಒಳಗೆ ಬಂತು, ಪೊಲೀಸ್ ಆಕ್ಷನ್ ಆಯಿತು. ಮೊದಲು ವಿಮಾನಗಳು ಹಾರಿದವು, ನಾವು ಬಾಳೆಯ ಗಿಡಗಳ ಬುಡದಲ್ಲಿ ಅಡಗಿದೆವು. ಆಮೇಲೆ ಮಿಲಿಟರಿ ಲಾರಿಗಳು ದೊಡ್ಡ ರಸ್ತೆಯಲ್ಲಿ ಕಲಬುರಗಿಯ ಕಡೆ ಸಾಲಾಗಿ ಹೋದವು. ಊರಿನ ಹೆಂಗಸರು ಆರತಿ ಹಿಡಿದು ನಿಂತರು. ನಿಜಾಮರು ಶರಣಾದರು ಎಂದು ಕೇಳಿದಾಗ ಅತ್ತೆ ಮಾವನ ಕುಣಿಯ ಹತ್ತಿರ ಹೋಗಿ ಮಣ್ಣಿಗೆ ಹಣೆ ಹಚ್ಚಿ ಅತ್ತರು. ಅವರು ಅತ್ತದ್ದು ನಾನು ನೋಡಿದ್ದು ಅದೇ ಮೊದಲು.

ಲಾರಿಗಳು ಮುಂದೆ ಹೋದವು. ಹಿಂದೆ ಉಳಿದದ್ದು ನಾವು. ಒಂದೆರಡು ದಿನ ಎಲ್ಲ ಸುಮ್ಮನಿತ್ತು. ಆಮೇಲೆ ಮೇಲಿನ ಹಳ್ಳಿಗಳಿಂದ ಬೆಂಕಿಯ ಸುದ್ದಿ ಬರತೊಡಗಿತು. ಈ ಸಲ ಉರಿದದ್ದು ಮುಸಲ್ಮಾನರ ಮನೆಗಳು. ನಮ್ಮೂರಲ್ಲೂ ಗಂಡಸರ ಕೈಯಲ್ಲಿ ಕೊಡಲಿ, ಕುಡಗೋಲು ಬಂದವು. ನಾನು ಆಪಾನ ಮನೆಗೆ ಹೋದೆ. ಬಾಗಿಲಿಗೆ ಕೀಲಿ. ಗಂಡಹೆಂಡತಿ ಎರಡು ದಿನದ ಹಿಂದೆಯೇ ಮೇಲಿನ ಹಳ್ಳಿಯ ಅವರ ಬೀಗರ ಮನೆಗೆ ಹೋದರೆಂದು ಪಕ್ಕದವರು ಹೇಳಿದರು. ನಮ್ಮೂರಿನ ಕೊಡಲಿಗಳಿಂದಲಾದರೂ ತಪ್ಪಿಸಿಕೊಂಡರೆಂದು ನಾನು ಸಮಾಧಾನಪಟ್ಟೆ.

ಮರುದಿನ ಬೆಳಿಗ್ಗೆ ಮೈದುನ ಏದುಸಿರು ಬಿಡುತ್ತ ಬಂದ. ಹಿಂದೆ ಹದಿನೈದಿಪ್ಪತ್ತು ಮಂದಿ.

"ಅವ್ವಾ, ಹಾವಳಿಯವ್ರು ಓಡಿ ಹೊಂಟಾರ. ಬಂಡಿ ಕಟ್ಕೊಂಡು ಕಣವಿ ಇಳಿಲಾಕತ್ತಾರ. ಅಪ್ಪನ್ನ ಕಡದಾವ್ರೂ ಅದರಾಗ ಅದಾರಂತ. ಬಂದೂಕ ಅದಾವ. ಖಾರ ಬೇಕು."

ಅತ್ತೆ ಅಟ್ಟದ ಕಡೆ ನೋಡಿದರು. ಜ್ವರದಿಂದ ಮಲಗಿದ್ದರು, ಏಳಲಾಗುತ್ತಿರಲಿಲ್ಲ. "ನೀ ಹೋಗು" ಎಂದು ನನಗೆ ಹೇಳಿದರು. "ನನ್ನ ಪಾಲಿಂದೂ ನೀನೇ ಒಗಿ."

ಬಲವಂತದಿಂದ ಹೋದೆ ಎಂದರೆ ಅದೂ ಸುಳ್ಳಾಗುತ್ತದೆ. ಜೋಳದೊಳಗೆ ತುರುಕಿದ ಮಾವನ ಕೈಗಳು ನನ್ನ ಕಣ್ಣಮುಂದಿದ್ದವು. ಗಡಿಗೆ ಸೊಂಟಕ್ಕಿಟ್ಟುಕೊಂಡು ಗಂಡಸರ ಸಮಕ್ಕೆ ಗುಡ್ಡ ಹತ್ತಿದೆ. ಇನ್ನೂ ನಾಲ್ವರು ಹೆಂಗಸರು ಬಂದರು.

ಬಂಡೆಗಳ ಮೇಲೆ ಮಲಗಿ ಕಾದೆವು. ಸೀತಾಫಲದ ಗಿಡಗಳು ಅಡ್ಡವಾಗಿ ದಾರಿಯ ತಿರುವು ಕಾಣುತ್ತಿರಲಿಲ್ಲ. ಗಾಲಿಯ ಸದ್ದು ಕೇಳಿತು, ಎತ್ತಿನ ಗಂಟೆ ಕೇಳಿತು. ಮೊದಲ ಬಂಡಿ ಕೆಳಗೆ ಬಂದಾಗ ಮೈದುನ ಕೈ ಬೀಸಿದ. ನಾನು ಎರಡೂ ಬೊಗಸೆ ತುಂಬಿಕೊಂಡು ಎರಚಿದೆ. ಎಲ್ಲರೂ ಎರಚಿದರು. ಗಾಳಿ ನಮ್ಮ ಬೆನ್ನ ಹಿಂದಿತ್ತು. ಇಡೀ ಇಕ್ಕಟ್ಟು ಕೆಂಪು ಮಂಜಾಯಿತು. ಮತ್ತೆ ಎರಚಿದೆ. ಮತ್ತೆ.

ಕೆಳಗಿನಿಂದ ಬಂದ ಕೂಗು ಗಂಡಸರದಾಗಿರಲಿಲ್ಲ.

ಎತ್ತುಗಳು ಕಣ್ಣು ಉರಿದು ಹುಚ್ಚೆದ್ದವು. ಮೊದಲ ಬಂಡಿ ಬಂಡೆಗೆ ಬಡಿದು ಮಗುಚಿತು. ಹಾಸಿಗೆ, ತಾಂಬ್ರದ ಕೊಡ, ಕೋಳಿಯ ಬುಟ್ಟಿ ನೆಲಕ್ಕುರುಳಿದವು, ಜೊತೆಗೆ ಬುರ್ಖಾದ ಒಬ್ಬ ಮುದುಕಿ. ಎರಡನೆಯ ಬಂಡಿಯಲ್ಲಿ ಹೆಂಗಸರು, ಮುದುಕರು ಒಬ್ಬರ ಮೇಲೊಬ್ಬರು. ಬಂದೂಕು ಎಲ್ಲೂ ಇರಲಿಲ್ಲ. ಆ ಬಂಡಿಯ ಗೂಟಕ್ಕೆ ಆಳೆತ್ತರದ ಬಿಲ್ಲೊಂದನ್ನು ಕಟ್ಟಿದ್ದರು.

ನಾನು ಕಿರುಚಿದೆ. "ಪಿಂಜಾರ್ರಪ್ಪೋ! ನಮ್ಮ ಪಿಂಜಾರ ಅದಾನ! ಬಿಡ್ರೋ!" ಅಷ್ಟರಲ್ಲಿ ಗಂಡಸರು ಕೆಳಗೆ ಹಾರಿದ್ದರು.

ಕಣ್ಣು ಕಾಣದ ಮಂದಿಯನ್ನು ಕೊಲ್ಲುವುದು ತೀರ ಸುಲಭ. ಅವರಿಗೆ ಯಾವ ಕಡೆ ಓಡಬೇಕೆಂದು ತಿಳಿಯಲಿಲ್ಲ, ಕೊಡಲಿಯ ಕಡೆಗೇ ಓಡಿ ಬಂದರು. ಗಡ್ಡದ ಒಬ್ಬ ಮುದುಕ ಬಂಡೆಗೆ ಕೈ ಹಚ್ಚಿ ತಡವರಿಸುತ್ತ ನಿಂತಿದ್ದ. ಅವನ ತಲೆಯ ಮೇಲೆ ಯಾರೋ ಕಲ್ಲು ಹಾಕಿದರು. ಪಿಂಜಾರ ಕಣ್ಣು ಮುಚ್ಚಿಕೊಂಡೇ ಬಂಡಿಯ ಮುಂದೆ ಕೈ ಅಗಲಿಸಿ ನಿಂತ. ಹೆಂಗಸರು ಅವನ ಹಿಂದಿದ್ದರು. "ಯಾರದೀರಿ? ನಾ ಇದೇ ಊರಾವ ಅದೀನಿ, ನಾ ಪಿಂಜಾರ" ಎಂದು ಕನ್ನಡದಲ್ಲಿ ಕೂಗಿದ. ಅವನ ಎದುರು ಇದ್ದವನು ನನ್ನ ಮೈದುನ. ಮೊದಲ ಏಟು ಅಡ್ಡ ಹಿಡಿದ ಕೈಗೆ ಬಿತ್ತು. ಎರಡನೆಯದು ಕುತ್ತಿಗೆಗೆ. ಅವನು ಮೊಣಕಾಲೂರಿ ಕೂತ. ಕೂತವನಿಗೆ ಮೂರನೆಯದು.

ನಾನು ಬಂಡೆಯಿಂದ ಜಾರಿಕೊಂಡು ಕೆಳಗೆ ಬಿದ್ದೆ. ಗಡಿಗೆ ಒಡೆದಿದ್ದರೂ ಅದರ ತಳ, ತಳದಲ್ಲಿದ್ದ ಖಾರ ಇನ್ನೂ ಕೈಯಲ್ಲಿತ್ತು. ಆಪಾ ಬಂಡಿಯ ಗಾಲಿಯ ಪಕ್ಕದಲ್ಲಿ ನೆಲ ತಡವುತ್ತಿದ್ದಳು. "ಯಾ ಅಲ್ಲಾ, ಆಂಖಾಂ ಗಯೇ! ಕಹಾಂ ಹೈಂ ಜೀ ತುಮೇ?" ಕಣ್ಣು ಹೋದವು, ಎಲ್ಲಿದ್ದೀರಿ ಎಂದು ಗಂಡನನ್ನು ಕರೆಯುತ್ತಿದ್ದಳು. ಅವನು ನಾಲ್ಕು ಮಾರು ದೂರದಲ್ಲಿ ಸತ್ತು ಬಿದ್ದಿದ್ದ. ನಾನು ಅವಳ ರಟ್ಟೆ ಹಿಡಿದೆ. ಅವಳು ಹೊಡೆದಳು, ಪರಚಿದಳು.

"ಮೈಂ ಹೂಂ ಆಪಾ. ಗಾಜಿಪುರ್ ಕಿ."

ನಾನೇ, ಗಾಜಿಪುರದವಳು ಎಂದದ್ದು ಕೇಳಿ ಅವಳು ತಟ್ಟನೆ ನಿಂತಳು. ಬಂಡೆಗಳ ನಡುವೆ ಒಂದು ಸಂದಿ ಇತ್ತು, ಅದರೊಳಕ್ಕೆ ಎಳೆದೆ. ಗಾಬರಿಯಲ್ಲಿ ಅವಳ ಕಣ್ಣನ್ನು ನನ್ನ ಕೈಯಿಂದಲೇ ಒರೆಸಿದೆ. ಅವಳು ಕೊರಳು ಹರಿದ ಪ್ರಾಣಿಯಂತೆ ಕೂಗಿದಳು. ನನ್ನ ಅಂಗೈ ತುಂಬ ಖಾರವಿತ್ತು. ಅವಳು ನನ್ನ ಕೈ ಹಿಡಿದು ಮೂಗಿಗೆ ತಂದು ಮೂಸಿದಳು. ಆ ಕ್ಷಣದಿಂದ ಅವಳಿಗೆ ಎಲ್ಲ ಗೊತ್ತಿತ್ತು.

ಸಂದಿಯ ಬಾಯಿಗೆ ನೆರಳು ಬಿತ್ತು. ಮೈದುನ. ಅವನ ಅಂಗಿ, ಗಲ್ಲ, ಕೊಡಲಿಯ ಕಾವು ಎಲ್ಲ ಒದ್ದೆ.

"ದೂರ ಸರೀ ವೈನಿ."

"ಇಕಿ ಗಂಡ ನಿಮ್ಮಪ್ಪಗ ಮಣ್ಣು ಕೊಟ್ಟಾನ" ಅಂದೆ.

"ಅದಕ್ಕೇ ಸರೀ ಅಂದೆ!" ಎಂದು ಅವನು ಚೀರಿದ. ಅವನ ದನಿ ಅಳುವವನ ದನಿಯಂತಿತ್ತು. ಒಂದು ಕೈಯಿಂದ ನನ್ನ ಕೂದಲು ಹಿಡಿದು ಹೊರಗೆಳೆದ. ನಾನು ಗಡಿಗೆಯ ತಳದಲ್ಲಿದ್ದದ್ದನ್ನು ಬಾಚಿ ಅವನ ಮುಖಕ್ಕೆ, ಬಿಟ್ಟ ಕಣ್ಣಿಗೆ, ಗೇಣು ದೂರದಿಂದ ಒಗೆದೆ. ಅವನು ಕುರುಡಾಗಿ ಕೊಡಲಿ ಬೀಸಿದ. ನಾನು ತಲೆಗೆ ಅಡ್ಡ ಹಿಡಿದ ಎಡಗೈ ಬಂಡೆಗೆ ಒತ್ತಿಕೊಂಡಿತ್ತು. ಕೊಡಲಿ ಕಲ್ಲಿಗೆ ತಾಗಿ ಕಿಡಿ ಹಾರಿತು. ನನ್ನ ಕಿರುಬೆರಳು ಮತ್ತು ಅದರ ಪಕ್ಕದ್ದು ಕೆಳಗೆ ಬಿದ್ದದ್ದನ್ನು ನೋಡಿದೆ. ನೋವು ಆಮೇಲೆ ಬಂತು. ಅವನು ಮುಖ ಹಿಡಿದುಕೊಂಡು ಬೊಬ್ಬೆ ಹಾಕುತ್ತ ಮುಳ್ಳುಕಂಟಿಯಲ್ಲಿ ಮುಗ್ಗರಿಸಿ ಬಿದ್ದ. ಅವನ ಜೊತೆಯವರು ಬಂಡಿಯಲ್ಲಿದ್ದದ್ದನ್ನು ದೋಚುತ್ತಿದ್ದರು. ಆ ಗದ್ದಲದಲ್ಲಿ ಕೂಗು ಯಾರದೆಂದು ಯಾರು ಕೇಳುತ್ತಾರೆ? ನಾನು ಸೆರಗು ಹರಿದು ಕೈಗೆ ಸುತ್ತಿಕೊಂಡು, ಆಪಾನನ್ನು ಹಿಡಿದುಕೊಂಡು ಹಿಂದಿನ ಕೊರಕಲಿನಿಂದ ಇಳಿದೆ.

ಮನೆಯ ಹಿತ್ತಲ ಬಾಗಿಲಿಂದ ಒಳಗೆ ಬಂದಾಗ ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ನನ್ನ ಕೈ ನೋಡಿದರು, ಆಪಾನ ಊದಿದ ಮುಖ ನೋಡಿದರು.

"ಪಿಂಜಾರ ಎಲ್ಲಿ ಅದಾನ?"

"ಕಣವ್ಯಾಗ" ಅಂದೆ.

"ಯಾರು?"

ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಗೋಡೆ ಹಿಡಿದು ಎದ್ದರು. ಹಾಲು ತಂದು ಆಪಾನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಹನಿಹನಿಯಾಗಿ ಬಿಟ್ಟರು. ಆಪಾ ಹಲ್ಲು ಕಚ್ಚಿ ಬಿದ್ದಿದ್ದಳು. ಅತ್ತೆ ಹಾಲು ಬಿಡುತ್ತಲೇ ತಮ್ಮ ಹಣೆಯನ್ನು ಪಕ್ಕದ ಕಂಬಕ್ಕೆ ಬಡಿದುಕೊಂಡರು, ಒಮ್ಮೆ, ಮತ್ತೊಮ್ಮೆ. ನನ್ನ ಕೈಗೆ ಅರಿಷಿಣ ಒತ್ತಿ ಕಟ್ಟುವಾಗ ಮಾತ್ರ ಬಾಯಿ ಬಿಟ್ಟರು. "ನಾನೇ ಕುಟ್ಟಿಸೀನಿ. ನಾನೇ ಕಳಿಸೀನಿ."

ಮಧ್ಯಾಹ್ನ ಬಂಡಿ ಕಟ್ಟಿಸಿದರು. ಎತ್ತು ಹೊಡೆದದ್ದೂ ಅವರೇ, ಜ್ವರದ ಮೈಯಲ್ಲಿ. ಆಪಾನಿಗೆ ತಮ್ಮ ಇಳಕಲ್ ಸೀರೆ ಉಡಿಸಿದರು, ಹಣೆಗೆ ವಿಭೂತಿ ಬಳಿದರು, ಕಣ್ಣಿಗೆ ಅರಿವೆ ಕಟ್ಟಿದರು. ದೊಡ್ಡ ರಸ್ತೆಯಲ್ಲಿ ಗುಂಪುಗಳಿದ್ದವೆಂದು ಹೊಲದ ದಾರಿ ಹಿಡಿದು ಸುತ್ತುಹಾಕಿ ಕುಸನೂರಿನ ಕಡೆಯಿಂದ ಹೋದೆವು. ಅಲ್ಲಿಯೂ ಊರ ಹೊರಗೆ ಏಳೆಂಟು ಮಂದಿ ಬಡಿಗೆ ಹಿಡಿದು ಬಂಡಿ ನಿಲ್ಲಿಸಿದರು.

"ಯಾರ್ರೀ ಇವ್ರು? ಕಣ್ಣಿಗಿ ಯಾಕ ಕಟ್ಟೀರಿ?"

"ನನ್ನ ಸೊಸಿ. ಕಣ್ಣು ಬಂದಾವ."

"ಬಿಚ್ಚಿ ತೋರಸ್ರಿ. ಬಾಯಿ ಬಿಟ್ಟು ಎರಡ ಮಾತ್ ಆಡ್ಸ್ರಿ ನೋಡೂಣು."

ಅತ್ತೆ ಬಾರುಕೋಲು ಹಿಡಿದು ಬಂಡಿಯಲ್ಲಿ ಎದ್ದು ನಿಂತರು. "ನನ್ನ ಗಂಡನ್ನ ಕಣದಾಗ ಕೋಳಿ ಕಡದಾಂಗ ಕಡದಾರ. ಆವಾಗ ನೀವೆಲ್ಲಿದ್ರಿ? ಗುಡ್ಡದಾಗಿದ್ರಿ. ಈಗ ಬಂದು ನನ್ನ ಸೊಸ್ತ್ಯಾರ ಸೆರಗ ಬಿಚ್ಚತೀರೇನು? ಬರ್ರಿ, ಯಾರ ಬರತೀರಿ ಬರ್ರಿ ಮುಂದ!" ಒಬ್ಬ ಮುಂದೆ ಬಂದ. ಅತ್ತೆ ಬಾರುಕೋಲಿನಿಂದ ಅವನ ಮುಖಕ್ಕೆ ಬಾರಿಸಿದರು. ತುಟಿ ಸೀಳಿತು. ಅವನು ಬಡಿಗೆ ಎತ್ತಿದ. ಅವರಲ್ಲೇ ಹಿರಿಯನೊಬ್ಬ ಅವನನ್ನು ಹಿಡಿದು, "ಹೋಗ್ಲಿ ಬಿಡು, ದುಃಖದಾಗ ಅದಾಳ ಮುದುಕಿ" ಅಂದ.

ಮರುದಿನ ಬೆಳಿಗ್ಗೆ ಕಲಬುರಗಿ ಮುಟ್ಟಿದಾಗ ದರ್ಗಾದ ಅಂಗಳ ಹಳ್ಳಿಗಳಿಂದ ಓಡಿಬಂದವರಿಂದ ತುಂಬಿತ್ತು. ಬಾಗಿಲಲ್ಲಿ ಆಪಾನನ್ನು ಇಳಿಸಿದೆವು. ವಿಭೂತಿಯನ್ನು ಅತ್ತೆಯೇ ಸೆರಗಿನಿಂದ ಒರೆಸಿದರು. ಒಳಗಿನಿಂದ ಬಂದ ಒಬ್ಬ ಹೆಂಗಸು ಯಾವ ದಾರಿಯಿಂದ ಬಂದಿರಿ ಎಂದು ಕೇಳಿದಳು. ಆಪಾ ಅಂದಳು: "ಮಿರ್ಚಿ ಕೆ ಘಾಟ್ ಸೆ."

ಹೆಸರು ಹುಟ್ಟಿದ್ದು ಅಲ್ಲಿ. ಆವತ್ತು ಕಣಿವೆಯಿಂದ ಹೇಗೋ ತಪ್ಪಿಸಿಕೊಂಡು ಬಂದ ಇನ್ನೂ ಮೂರ್ನಾಲ್ಕು ಮಂದಿಯೂ ಹಾಗೇ ಹೇಳಿರಬೇಕು. ಕಲಬುರಗಿಯ ಬಜಾರದಲ್ಲಿ ಮಿರ್ಚಿ ಘಾಟ್ ಎಂಬ ಮಾತು ಓಡಾಡಿತು. ಬಾಳೆಹಣ್ಣು ಮಾರಲು ಹೋದ ನಮ್ಮೂರಿನವರು ಅದನ್ನು ಅಲ್ಲಿ ಕೇಳಿ ತಲೆ ತಗ್ಗಿಸಿಕೊಂಡು ಬಂದರು. ಕನ್ನಡದ ಬಾಯಲ್ಲಿ ಅದು ಖಾರದ ಕಣವಿ ಆಯಿತು. ಹೆಸರನ್ನು ಅಳಿಸಲು ಆಗಲಿಲ್ಲ. ಮಕ್ಕಳು ಯಾಕೆ ಆ ಹೆಸರು ಎಂದು ಕೇಳತೊಡಗಿದಾಗ ಏನಾದರೂ ಹೇಳಬೇಕಾಯಿತು. ಆಗ ಬೇಸಿಗೆಯಲ್ಲಿ ನಾವು ಕಾದು ಕೂತ ಎರಡು ದಿನ ನೆನಪಾದವು, ಬಾರದಿದ್ದ ಹಾವಳಿಯವರು ಕಥೆಯಲ್ಲಿ ಬಂದರು. ಆ ಕಥೆಯನ್ನು ಮೊದಲು ಹೇಳಿದವನು ನನ್ನ ಮೈದುನ. ಅವನ ಬಲಗಣ್ಣು ಹೋಗಿತ್ತು. ಖಾರಕ್ಕೋ, ಬಿದ್ದಾಗ ಚುಚ್ಚಿದ ಮುಳ್ಳಿಗೋ ಗೊತ್ತಿಲ್ಲ. ಗಾಳಿ ತಿರುಗಿ ನಮ್ಮ ಖಾರವೇ ನನ್ನ ಕಣ್ಣಿಗೆ ಬಿತ್ತು ಎಂದು ಅವನು ಜನರಿಗೆ ಹೇಳುತ್ತಿದ್ದ. ಗಡಿಯಿಂದ ಮರಳಿದ ನನ್ನ ಗಂಡನಿಗೆ ನಾನು ಮೇವು ಕತ್ತರಿಸುವಾಗ ಬೆರಳು ಹೋದವು ಅಂದೆ. ಅವರು ನನ್ನನ್ನೂ ತಮ್ಮನನ್ನೂ ನೋಡಿದರು, ಮತ್ತೆ ಕೇಳಲಿಲ್ಲ.

ಅತ್ತೆ ಆಮೇಲೆ ಎಂಟು ವರ್ಷ ಬದುಕಿದರು. ಒಂದು ದಿನವೂ ಸಣ್ಣ ಮಗನ ಕೈಯ ನೀರು ಕುಡಿಯಲಿಲ್ಲ. ಸಾಯುವ ಹೊತ್ತಿಗೆ ಅವನು ತಂಬಿಗೆ ಹಿಡಿದು ಬಂದಾಗಲೂ ಬಾಯಿ ಬಿಗಿಹಿಡಿದರು. ನಾನು ಮೂರು ಬೆರಳಿನ ಕೈಯಿಂದ ರೊಟ್ಟಿ ತಟ್ಟುವುದು ಕಲಿತೆ, ಅದೇ ರೊಟ್ಟಿಯನ್ನು ಅವನ ತಾಟಿಗೂ ಹಾಕಿದೆ, ಮೂವತ್ತು ವರ್ಷಕ್ಕೂ ಮೇಲೆ. ಒಂದೇ ಸೂರು. ಆ ದಿನದ ಬಗ್ಗೆ ಒಂದು ಮಾತಿಲ್ಲ.

ಆಪಾ ಗಾಜಿಪುರದಲ್ಲೇ ಉಳಿದಳು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು, ನೆರಳು ತಿಳಿಯುತ್ತಿತ್ತು. ತಲೆದಿಂಬಿಗೆ ಹತ್ತಿ ತುಂಬಿ ಹೊಲಿದು ಬದುಕಿದಳು. ತವರಿಗೆ ಹೋದಾಗಲೆಲ್ಲ ನಾನು ಅವಳ ಮನೆಗೆ ಹೋಗುತ್ತಿದ್ದೆ. ಮೊದಲ ವರ್ಷ ಬಾಗಿಲು ತೆಗೆಯಲಿಲ್ಲ. ಎರಡನೆಯ ವರ್ಷ ತೆಗೆದಳು, ಮಾತಾಡಲಿಲ್ಲ. ಮೂರನೆಯ ವರ್ಷ ಚಹಾ ಕೊಟ್ಟಳು.

ಇಬ್ಬರಿಗೂ ವಯಸ್ಸಾದ ಮೇಲೆ ಒಂದು ದಿನ ಅವಳು ಅಂದಳು: "ನನಗ ಅವರ ಜಾಗ ತೋರ್ಸು. ಫಾತೆಹಾ ಓದಬೇಕು."

ಹೆಣಗಳನ್ನು ಎಲ್ಲಿ ಹಾಕಿದರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರಲ್ಲಿ ಉಳಿದವನು ಒಬ್ಬನೇ. ಊರಿಗೆ ಬಂದು ಮೈದುನನ ಮುಂದೆ ನಿಂತೆ. "ಪಿಂಜಾರನ್ನ ಎಲ್ಲಿ ಹಾಕೀರಿ?" ಅವನು ಜೋಳಿಗೆ ಹೊಲಿಯುತ್ತಿದ್ದ. ಸೂಜಿ ಹಾಗೇ ನಿಂತಿತು. "ನಾಳಿ ಬರ್ರಿ, ತೋರಸ್ತೀನಿ" ಅಂದ.

ಮರುದಿನ ನಾನು ಹೋಗಿ ಆಪಾನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ಅವನು ಮುಂದೆ, ನಾವಿಬ್ಬರೂ ಕೈಹಿಡಿದು ಹಿಂದೆ. ಇಕ್ಕಟ್ಟು ದಾಟಿ ಎಡಕ್ಕೆ ಒಂದು ತಗ್ಗು, ಅದರ ತುಂಬ ಕಲ್ಲುಗಳು. "ಇಲ್ಲಿ. ಒಂಬತ್ತು ಮಂದಿ" ಅಂದ. ಆಪಾ ಸ್ವಲ್ಪ ದೂರದಲ್ಲಿ ನಿಂತಿದ್ದಳು. ನಾನು ಅವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದೆ: "ಬಂದೂಕ ಇಲ್ಲ, ಬರೀ ಹೆಂಗಸ್ರು ಮುದುಕ್ರು ಬರಾಕತ್ತಾರ ಅಂತ ನಿನಗ ಮೊದಲೇ ಗೊತ್ತಿತ್ತೇನು?"

ಅವನು ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. "ಗೊತ್ತಿತ್ತು" ಅಂದ. "ಅಂವ ಅದಾನ ಅಂತನೂ ಗೊತ್ತಿತ್ತು."

ಆಪಾನ ಕಿವಿ ಚುರುಕು. "ಅವ್ನಿಗಿ ಹೋಗಂತ ಹೇಳು" ಅಂದಳು. ನಾನು ಹೇಳಬೇಕಾಗಲಿಲ್ಲ, ಅವನು ಹೋದ.

ಅವಳು ಕಲ್ಲುಗಳ ಪಕ್ಕ ಕೂತು ಬೊಗಸೆಯೊಡ್ಡಿ ಓದಿದಳು. ಓದಿ ಮುಗಿದ ಮೇಲೂ ಬಿಸಿಲು ಸರಿಯುವವರೆಗೆ ಕೂತಳು. ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಮುರಿದು ಕೊಟ್ಟೆ, ತಿಂದಳು. ಆಮೇಲೆ ಅಂದಳು: "ನಿನಗೂ ನಾ ಮಾಫ್ ಮಾಡಿಲ್ಲ, ತಿಳ್ಕೊ. ಆದ್ರ ನೀ ಬರಲಿಲ್ಲಂದ್ರ ನನಗ ಜೀವ ತಡಿಯಂಗಿಲ್ಲ."

"ಬರ್ತೀನಿ ಆಪಾ" ಅಂದೆ. ಅವಳು ಬದುಕಿರುವವರೆಗೆ ಹೋದೆ.

ನಾವು ಕಣಿವೆಗೆ ಹೋಗಿಬಂದ ಒಂದು ವಾರದ ಮೇಲೆ ಆಡು ಮೇಯಿಸುವ ಹೆಂಗಸೊಬ್ಬಳು ನಮ್ಮ ಅಂಗಳದಲ್ಲಿ ನಿಂತು, ನಿಮ್ಮ ಮುದುಕನಿಗೆ ಬುದ್ಧಿ ಇದೆಯೋ ಇಲ್ಲವೋ ಎಂದು ಜಗಳ ತೆಗೆದಳು. ಮೈದುನ ಆ ತಗ್ಗಿನ ಸುತ್ತ ಜಾಲಿಯ ಮುಳ್ಳು ಕಡಿದು ಹಾಕಿ ಬೇಲಿ ಕಟ್ಟಿದ್ದನಂತೆ. ಅವಳ ಆಡಿನ ಕಾಲಿಗೆ ಮುಳ್ಳು ನೆಟ್ಟಿತ್ತು. ನಾನು ಒಳಗೆ ನೋಡಿದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಎರಡೂ ಅಂಗೈ ಗೀರಿ ಗಾಯವಾಗಿದ್ದವು.